ಪೋತ್ನಾಳ ಕರುಣಮ್ಮ ಎಂದು ಬರೆದ ಚೀಟಿ

ಆ ಶುಕ್ರವಾರ ನಾನು ಮಾಡಿದ ಕೆಲಸಗಳು ಇವು. ನಸುಕಿನಲ್ಲಿ ಎದ್ದು ಬಾವಿಯಿಂದ ಆರು ಕೊಡ ನೀರು ತಂದೆ. ಅಂಗಳಕ್ಕೆ ನೀರು ಚಿಮುಕಿಸಿ ಕಸ ಹೊಡೆದೆ. ಹಿಂದಿನ ದಿನ ಹಸನು ಮಾಡಿಟ್ಟಿದ್ದ ಜೋಳವನ್ನು ಗಿರಣಿಗೆ ಹೊತ್ತುಕೊಂಡು ಹೋಗಿ ಬೀಸಿಸಿಕೊಂಡು ಬಂದೆ. ಎರಡು ಚಾದರ, ಒಂದು ಕೌದಿ ಒಗೆದು ಬೇಲಿಯ ಮೇಲೆ ಹರವಿದೆ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆದೆ. ಕಂದೀಲಿನ ಗಾಜನ್ನು ಬೂದಿ ಹಚ್ಚಿ ತಿಕ್ಕಿದೆ. ಪ್ರಾರ್ಥನೆಯ ಚೀಟಿಗಳನ್ನು ಬರೆದೆ. ಉಪವಾಸವಿದ್ದುದರಿಂದ ಒಲೆ ಹಚ್ಚಲಿಲ್ಲ. ಹನ್ನೆರಡಕ್ಕೆ ತಲೆಯ ಮೇಲೆ ಸೆರಗು ಹೊದ್ದು ಸಭೆಗೆ ಹೋದೆ.

ಇಷ್ಟು ವಿವರ ಯಾಕೆ ಬರೆದೆನೆಂದರೆ, ಆ ದಿನದಲ್ಲಿ ಬೇರೆ ವಿಶೇಷವೇನೂ ಇರಲಿಲ್ಲವೆಂದು ನೀವು ತಿಳಿಯಬೇಕು. ಕೆಟ್ಟ ಕನಸು ಬಿದ್ದಿರಲಿಲ್ಲ, ಕಣ್ಣು ಅದುರಿರಲಿಲ್ಲ. ಅಂಥವನ್ನು ನಾನು ನಂಬುವವಳೂ ಅಲ್ಲ. ನಮ್ಮದು ಅಜ್ಜನ ಕಾಲದಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡ ಮನೆತನ. ಶಕುನ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ಬಿಟ್ಟುಬಂದವರು ನಾವು ಎಂಬ ಹೆಮ್ಮೆಯಲ್ಲಿ ಬೆಳೆದವಳು ನಾನು. ಸಭೆಯಲ್ಲಿ ಯಾರಾದರೂ ಎದ್ದು ನಿಂತು, ದೇವರು ನನಗೆ ಹೀಗೆ ಕಾಣಿಸಿಕೊಂಡ, ಹೀಗೆ ಮಾತಾಡಿದ ಎಂದು ಸಾಕ್ಷಿ ಹೇಳಿದರೂ ನಾನು ಒಳಗೊಳಗೇ ನಗುತ್ತಿದ್ದೆ. ಹೋದ ಸಲ ಹೇಳಿದ್ದಕ್ಕೆ ಈ ಸಲ ಇನ್ನೊಂದಿಷ್ಟು ಸೇರಿಸಿದ್ದಾರೆ ಅಂದುಕೊಳ್ಳುತ್ತಿದ್ದೆ. ಪ್ರಾರ್ಥನೆ ಮಾಡಬೇಕು, ಕೆಲಸ ಮಾಡಬೇಕು, ಉಳಿದದ್ದು ಅವನ ಚಿತ್ತ. ನನ್ನ ನಂಬಿಕೆ ಇಷ್ಟೇ ಇತ್ತು. ಇದು ಸಾಕೂ ಆಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವು ದೇವದುರ್ಗದಲ್ಲಿದ್ದೆವು. ನಮ್ಮ ಮನೆಯವರು ಶಾಲೆಯಲ್ಲಿ ಮಾಸ್ತರರು. ನಮಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ದೊಡ್ಡವಳಿಗೆ ಹಿಂದಿನ ವರ್ಷವಷ್ಟೇ ಮದುವೆ ಮಾಡಿದ್ದೆವು. ಬೀಗರು ಮಾನ್ವಿಯವರು. ಅಳಿಯ ಪೋತ್ನಾಳದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದುದರಿಂದ ಅವರಿಬ್ಬರೂ ಅಲ್ಲಿಯೇ ಒಂದು ಕೋಣೆ ಹಿಡಿದಿದ್ದರು.

ಈ ದೊಡ್ಡ ಮಗಳ ಹೆಸರಿನ ವಿಷಯ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಜನರಲ್ಲಿ ಒಬ್ಬೊಬ್ಬರಿಗೂ ಎರಡು ಹೆಸರು. ದೀಕ್ಷಾಸ್ನಾನದಲ್ಲಿ ಸಭೆಯ ಪಾದ್ರಿ ಅಯ್ಯನವರು ಕೊಟ್ಟದ್ದು ಒಂದು, ಮನೆಯಲ್ಲಿ ಕರೆಯುವುದು ಒಂದು. ನನ್ನ ಮಗಳಿಗೆ ಕರುಣಮ್ಮ ಎಂದು ದೀಕ್ಷಾಸ್ನಾನವಾಗಿತ್ತು. ಆದರೆ ತೊಟ್ಟಿಲಿನಿಂದ ಹಿಡಿದು ಮದುವೆಯವರೆಗೆ ದೇವದುರ್ಗದಲ್ಲಿ ಆಕೆಯನ್ನು ಚಿನ್ನಿ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರಿಲ್ಲ. ಮದುವೆಯ ದಿನ ಅಯ್ಯನವರು ಕರುಣಮ್ಮ ಅಂದಾಗ, ಯಾರದು ಎಂದು ಹಿಂದಿನ ಸಾಲಿನ ಹೆಂಗಸರು ಕತ್ತು ಚಾಚಿ ನೋಡಿದ್ದರು. ಗಂಡನ ಮನೆಯಲ್ಲಿ ಮಾತ್ರ ಆಕೆ ಕರುಣಮ್ಮ.

ಚಿನ್ನಿಗೆ ಕ್ಷಯ ಇತ್ತು. ಮದುವೆಗೆ ಆರು ತಿಂಗಳು ಮುಂಚೆ ಗೊತ್ತಾಯಿತು. ಸೂಜಿ, ಗುಳಿಗೆ ನಡೆದಿದ್ದವು, ಮೈ ತುಂಬಿಕೊಂಡಿತ್ತು, ಕೆಮ್ಮು ನಿಂತಿತ್ತು. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂತು. ನಾವು ಬೀಗರಿಗೆ ಹೇಳಲಿಲ್ಲ. ಗುಳಿಗೆ ಇನ್ನೂ ಒಂದು ವರ್ಷ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆಯ ಮುಂದೆ ಡಬ್ಬಿ ತೆಗೆಯಬೇಡ, ಒಂದೆರಡು ತಿಂಗಳು ಬಿಟ್ಟರೆ ಏನೂ ಆಗುವುದಿಲ್ಲ ಎಂದು ಮಗಳಿಗೆ ಹೇಳಿಕೊಟ್ಟವಳು ನಾನು. ಇದನ್ನು ಬರೆಯಲು ನನಗೆ ಹತ್ತು ವರ್ಷ ಹಿಡಿಯಿತು. ಬೇರೆ ಯಾರೂ ಹೇಳಿಕೊಟ್ಟದ್ದಲ್ಲ.

ಆ ಬೇಸಿಗೆಯಲ್ಲಿ ಪೋತ್ನಾಳದಲ್ಲಿ ಆಕೆ ರಕ್ತ ಕಾರಿದಳು. ಅಳಿಯ ಒಳ್ಳೆಯ ಹುಡುಗ. ನಮ್ಮನ್ನು ಒಂದು ಮಾತು ಬೈಯಲಿಲ್ಲ. ರಾಯಚೂರಿನ ಆಸ್ಪತ್ರೆಗೆ ತಂದು ಸೇರಿಸಿ ನಮಗೆ ಹೇಳಿಕಳಿಸಿದ. ತನ್ನ ತಾಯಿಗೆ ಗೊತ್ತಾಗುವುದು ಬೇಡವೆಂದು ಕೈಮುಗಿದ. ನಮಗೂ ಅದೇ ಬೇಕಾಗಿತ್ತು. ಇನ್ನೊಬ್ಬ ಮಗಳಿದ್ದಳಲ್ಲ, ನಾಳೆ ಆಕೆಯನ್ನು ಯಾರು ಮಾಡಿಕೊಳ್ಳುತ್ತಾರೆ? ನಮ್ಮ ಮನೆಯವರು ರಜೆ ಹಾಕಿ ಆಸ್ಪತ್ರೆಯಲ್ಲಿ ಉಳಿದರು. ಗಂಡ ಹೆಂಡತಿ ಇಬ್ಬರೂ ಮಾಯವಾದರೆ ಓಣಿಯ ಜನ ಕೇಳುತ್ತಾರೆಂದು ನಾನು ಮನೆಯಲ್ಲಿ ಉಳಿದೆ. ಶನಿವಾರ ಮೊದಲ ಬಸ್ಸಿಗೆ ನಾನು ಹೋಗುವುದು, ಅವರು ಬರುವುದು ಎಂದು ಮಾತಾಗಿತ್ತು.

ಇನ್ನು ಚೀಟಿಯ ವಿಷಯ. ನಮ್ಮ ಸಭೆಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಉಪವಾಸ ಪ್ರಾರ್ಥನೆ. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಹಾಕುವುದು ರೂಢಿ. ಹೆಂಗಸರಲ್ಲಿ ಬಹಳ ಮಂದಿಗೆ ಅಕ್ಷರ ಬರದು, ಹಾಗಾಗಿ ಎಲ್ಲರ ಪರವಾಗಿ ಬರೆಯುವವಳೂ ನಾನೇ, ಓದುವವಳೂ ನಾನೇ. ಬರೆಯುವುದಕ್ಕೆ ಒಂದು ಕ್ರಮವಿತ್ತು. ದೀಕ್ಷಾಸ್ನಾನದ ಹೆಸರನ್ನೇ ಬರೆಯಬೇಕು. ಹುಲುಗಿ, ಮಲ್ಲಿ, ಚಿನ್ನಿ ಇವೆಲ್ಲ ದೇವರ ಮುಂದೆ ನಡೆಯುವುದಿಲ್ಲ. ನಮ್ಮ ಹೆಸರುಗಳೋ ಹತ್ತಿಪ್ಪತ್ತು, ಅವೇ ತಿರುಗಿ ತಿರುಗಿ ಬರುತ್ತವೆ, ಅದಕ್ಕೆ ಮುಂದೆ ಊರು ಸೇರಿಸಬೇಕು. ಮದುವೆಯಾದವಳಿಗೆ ಗಂಡನ ಊರು. ಈ ಕ್ರಮವನ್ನು ತಪ್ಪಿದವರ ಚೀಟಿಯನ್ನು ನಾನೇ ತಿದ್ದಿ ಬರೆಯುತ್ತಿದ್ದೆ.

ನನ್ನ ಮಗಳಿಗಾಗಿ ನಾನು ಬರೆದದ್ದು: ಪೋತ್ನಾಳ ಕರುಣಮ್ಮ, ಬಹಳ ಕಷ್ಟದಲ್ಲಿದ್ದಾರೆ. ರೋಗ ಬರೆಯಲಿಲ್ಲ. ನನ್ನ ಮಗಳೆಂದು ಬರೆಯಲಿಲ್ಲ. ಸಭೆಯವರು ಪ್ರಾರ್ಥಿಸಬೇಕು, ಆದರೆ ಯಾರಿಗೆಂದು ಅವರಿಗೆ ತಿಳಿಯಬಾರದು. ಚೀಟಿ ಮಡಿಸುವಾಗ ನನಗೆ ಒಂದು ನಮೂನೆಯ ಸಮಾಧಾನವೂ ಆಗಿತ್ತು, ಜಾಣತನ ಮಾಡಿದೆನೆಂದು.

ಬಾಗಿಲಲ್ಲಿಯೇ ರಾಹೇಲಮ್ಮ ಸಿಕ್ಕಳು. ಸಂತೆಯಲ್ಲಿ ಬದನೆ, ಮೆಣಸಿನಕಾಯಿ ಮಾರುವವಳು. ಬಾಯಿ ಜೋರು, ಮನಸ್ಸು ಒಳ್ಳೆಯದು. ಆಕೆಯ ಅಕ್ಕನ ಮನೆ ಮಾನ್ವಿಯಲ್ಲಿ ನಮ್ಮ ಬೀಗರ ಮನೆಯ ಹಿಂದುಗಡೆಯೇ ಇತ್ತು.

"ಏನ್ರೀ ಅಕ್ಕೋರೆ, ಮಾಸ್ತರು ಕಾಣವಲ್ರು? ಬೀಗರ ಮನ್ಯಾಗ ಕೋಳಿ ಕೊಯ್ದಾರೇನು?" ಅಂದಳು.

"ಚಿನ್ನೀನ ನೋಡಿ ಬರ್ತೀನಂತ ಹೋಗ್ಯಾರ," ಅಂದೆ.

"ಆರಾಮದಾಳಲ್ಲ?"

"ಆರಾಮದಾಳ."

"ಹೊಟ್ಟಿಲೆ ಇರಬೇಕು ಬಿಡ್ರಿ. ಮುಚ್ಚಿಡ್ತೀರಿ ನೀವು, ನನಗ ಗೊತ್ತಿಲ್ಲೇನು? ಮಾರಿ ನೋಡಿದ್ರ ತಿಳೀತದ!" ಎಂದು ನನ್ನ ಕೆನ್ನೆ ತಿವಿದು ನಕ್ಕಳು. ನಾನೂ ನಕ್ಕೆ.

ಸುಮಾರು ಮೂವತ್ತು ಜನ ಸೇರಿದ್ದರು. ಹಾಡು ಆಯಿತು, ವಾಕ್ಯ ಆಯಿತು. ನಾನು ಎದ್ದು ಚೀಟಿಗಳನ್ನು ಓದಿದೆ. ಜಾಲಹಳ್ಳಿ ಶಾಂತಪ್ಪ, ಕಾಲು ಬಾವು. ಅರಕೇರಾ ಎಸ್ತೇರಮ್ಮ, ದುಡಿಯಲು ಹೋದ ಗಂಡನಿಂದ ಪತ್ರವಿಲ್ಲ. ಪೋತ್ನಾಳ ಕರುಣಮ್ಮ, ಬಹಳ ಕಷ್ಟದಲ್ಲಿದ್ದಾರೆ.

ಹೆಂಗಸರ ಸಾಲಿನಲ್ಲಿ "ಅಯ್ಯಯ್ಯೋ" ಎಂಬ ಸದ್ದು ಎದ್ದಿತು. "ಮುದುಕಿಗೆ ಏನಾತು?" ಎಂದು ಯಾರೋ ಅಂದರು. ನನಗೆ ಆಗ ಹೊಳೆಯಿತು. ಪೋತ್ನಾಳದಲ್ಲಿ ಇನ್ನೊಬ್ಬ ಕರುಣಮ್ಮ ಇದ್ದಳು. ಹಿಂದೆ ಬೈಬಲ್ ಹಿಡಿದು ಊರೂರು ಸುತ್ತಿ, ಹೆಂಗಸರಿಗೆ ಹಾಡು ಕಲಿಸುತ್ತಿದ್ದ ಮುದುಕಿ. ಅಲ್ಲಿ ಕೂತವರಲ್ಲಿ ಅರ್ಧ ಜನ ಆಕೆಯ ಬಾಯಿಂದಲೇ ಹಾಡು ಕಲಿತವರು. ನಾನೂ ಆಕೆಯನ್ನು ಬಲ್ಲೆ. ಬರೆಯುವಾಗ ನೆನಪೇ ಆಗಲಿಲ್ಲ.

ನಾನು ಇನ್ನೂ ನಿಂತೇ ಇದ್ದೆ. ಚೀಟಿ ಕೈಯಲ್ಲಿತ್ತು. ಆಕೆಯಲ್ಲ, ನಮ್ಮ ಚಿನ್ನಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ರಾಹೇಲಮ್ಮ ನನ್ನನ್ನೇ ನೋಡುತ್ತಿದ್ದಳು. ನಾಳೆ ಮಾನ್ವಿ ಬಸ್ಸು ಹೋಗುತ್ತದೆ, ಸುದ್ದಿಯೂ ಹೋಗುತ್ತದೆ ಎಂದು ಮನಸ್ಸಿಗೆ ಬಂತು. ಸುಮ್ಮನೆ ಕೂತೆ. ಯಾವ ಕರುಣಮ್ಮ ಎಂದು ನಿನಗೆ ಗೊತ್ತಲ್ಲ ತಂದೆ, ಅಂದುಕೊಂಡೆ.

ಎಲ್ಲರೂ ಮೊಣಕಾಲೂರಿದರು. ರಾಹೇಲಮ್ಮನೇ ಪ್ರಾರ್ಥನೆ ಎತ್ತಿದಳು. ಆಕೆಯ ಪ್ರಾರ್ಥನೆ ಅಂದರೆ ಸಂತೆಯಲ್ಲಿ ಚೌಕಾಸಿ ಮಾಡಿದಂತೆ.

"ಯಪ್ಪಾ ದೇವರೇ, ನಮ್ಮ ಪೋತ್ನಾಳ ಅವ್ವನ್ನ ನೋಡಪ್ಪಾ. ಹಲ್ಲಿಲ್ಲದ ಬಾಯೀಲೆ ನಮಗ ಹಾಡು ಕಲಿಸಿದಾಕಿ. ಕಾಲಾಗ ಚಪ್ಪಲಿಲ್ದ ಬಿಸಲಾಗ ತಿರುಗಿದಾಕಿ. ಬ್ಯಾರೇರನ್ನ ಬೇಕಾದ್ರ ತಗೋ, ಆಕೀನ ಬಿಡು. ಇನ್ನೊಂದೆರಡು ವರ್ಷ ಕೊಡು. ನಿನಗೇನು ಕಡಿಮಿ ಆಗ್ಯದ?"

ಮೂವತ್ತು ಜನ ಅಳುತ್ತ ಆಮೆನ್ ಅಂದರು. ಹಲ್ಲು, ಕೂದಲು, ಕಾಲು, ವಯಸ್ಸು, ದೇವರಿಗೆ ಗುರುತು ತಪ್ಪದಂತೆ ಎಲ್ಲವನ್ನೂ ಹೇಳಿ ಅವರು ಮುದುಕಿಯನ್ನು ಬೇಡಿಕೊಂಡರು. ನಾನೊಬ್ಬಳು ನೆಲಕ್ಕೆ ಹಣೆ ಹಚ್ಚಿ, ಚಿನ್ನಿ, ಚಿನ್ನಿ ಅನ್ನುತ್ತಿದ್ದೆ, ತುಟಿ ಅಲುಗಿಸದೆ. ಗೋಡೆಯ ಗಡಿಯಾರ ಎರಡು ಹೊಡೆಯಿತು. ಇದು ನನಗೆ ಖಚಿತವಾಗಿ ನೆನಪಿದೆ.

ಸಂಜೆ ಬಸ್ಸಿಗೆ ಅಳಿಯ ಬಂದ. ಬಾಗಿಲಲ್ಲಿ ನಿಂತವನು ಒಳಗೆ ಬರಲಿಲ್ಲ. ಅವನ ಅಂಗಿಯ ತೋಳಿಗೆ ಹತ್ತಿದ್ದ ರಕ್ತ ನೋಡಿಯೇ ನನಗೆ ತಿಳಿಯಿತು. ಎಷ್ಟೊತ್ತಿಗೆ ಎಂದು ಕೇಳಿದೆ. ಎರಡಕ್ಕೆ, ಅಂದ. ಒಂದೂವರೆಯವರೆಗೂ ಚೆನ್ನಾಗಿ ಮಾತಾಡುತ್ತಿದ್ದಳಂತೆ. ಆಮೇಲೆ ಕೆಮ್ಮು ಹತ್ತಿ ರಕ್ತ ನಿಲ್ಲಲೇ ಇಲ್ಲವಂತೆ.

ಮರುದಿನ ಮಾನ್ವಿಯಲ್ಲಿ ಮಣ್ಣು ಮಾಡಿದೆವು. ಕಾಮಾಲೆ ನೆತ್ತಿಗೇರಿತು ಎಂದು ಎಲ್ಲರಿಗೂ ಹೇಳಿದೆವು. ಅಳಿಯ ಅದನ್ನೇ ಹೇಳಿದ, ನಾನೂ ಅದನ್ನೇ ಹೇಳಿದೆ. ನಂಬಿದರು.

ದೇವದುರ್ಗಕ್ಕೆ ಬಂದ ಮೇಲೆ ರಾಹೇಲಮ್ಮ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅತ್ತು ಸಾಕಾದ ಮೇಲೆ ಮೂಗು ಒರೆಸಿಕೊಂಡು, "ಒಂದು ಮಾತು ಹೇಳಬಾರದೇನ್ರೀ ಅಕ್ಕೋರೆ? ಜಡ್ಡಾಗ್ಯಾಳಂತ ಹೇಳಿದ್ರ ಎಲ್ಲಾರೂ ಕೂಡಿ ಪ್ರಾರ್ಥನಿ ಮಾಡ್ತಿದ್ವಿ. ಆ ಮುದುಕೀಗೆ ಮಾಡಿದ್ದು ನಿಮ್ಮ ಮಗಳಿಗೆ ಮಾಡ್ತಿದ್ದಿಲ್ಲೇನು?" ಅಂದಳು.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆಕೆ ಅದನ್ನು ದುಃಖವೆಂದು ತಿಳಿದಳು.

ಒಂದು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಪೋತ್ನಾಳ ಕರುಣಮ್ಮ ನಮ್ಮ ಸಭೆಗೆ ಬಂದಳು. ಮಾನ್ವಿಯಲ್ಲಿ ಒಂದು ಬಸ್ಸು ಇಳಿದು ಇನ್ನೊಂದು ಹತ್ತಿ, ಸೊಸೆಯ ತೋಳು ಹಿಡಿದುಕೊಂಡು, ತನ್ನ ಕಾಲಿನಿಂದ ನಡೆದು ಬಂದಳು. ಸಾಕ್ಷಿ ಹೇಳಲು ಬಂದಿದ್ದಳು. ಆ ಶುಕ್ರವಾರಕ್ಕೆ ಮುಂಚೆ ನಾಲ್ಕು ದಿನದಿಂದ ಆಕೆಗೆ ಮಾತಿರಲಿಲ್ಲವಂತೆ. ಇನ್ನು ಉಳಿಯುವುದಿಲ್ಲವೆಂದು ನೆಲಕ್ಕೆ ಇಳಿಸಿದ್ದರಂತೆ. ಮಧ್ಯಾಹ್ನ ಎರಡರ ಹೊತ್ತಿಗೆ ಎದ್ದು ಕೂತು, ನುಚ್ಚು ಮಜ್ಜಿಗೆ ಕೇಳಿದಳಂತೆ. ದೇವದುರ್ಗದಲ್ಲಿ ನನ್ನ ಹೆಸರು ಹಿಡಿದು ಕರೆದರು, ಅದಕ್ಕೇ ಬಂದೆ, ಅಂದಳಂತೆ. ಇಲ್ಲಿ ಪ್ರಾರ್ಥನೆಯಾದ ಸುದ್ದಿ ಅವರಿಗೆ ತಲುಪಿದ್ದು ಎಂಟು ದಿನದ ಮೇಲೆ.

ಆಕೆ ಹೇಳುತ್ತಿರುವಾಗಲೇ ಚಪ್ಪಾಳೆ ಬಿತ್ತು. ಸ್ತೋತ್ರ, ಸ್ತೋತ್ರ ಎಂದು ಕೂಗಿದರು. ರಾಹೇಲಮ್ಮ ಎದ್ದು ಕುಣಿಯುವುದೊಂದು ಬಾಕಿ. ಹಾಡು ಶುರುವಾಗಿ ಮುದುಕಿಯ ಮಾತು ಅರ್ಧಕ್ಕೇ ನಿಂತಿತು. ನಾನೂ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ಗಂಡಸರ ಸಾಲಿನಲ್ಲಿ ನಮ್ಮ ಮನೆಯವರು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರಿಗೆ ಚೀಟಿಯ ವಿಷಯ ನಾನು ಹೇಳಿದ್ದೆ.

ಚೀಟಿ ಬರೆದವರು ಯಾರು ಎಂದು ಮುದುಕಿ ಕೇಳಿದಳು. ಎಲ್ಲರೂ ನನ್ನನ್ನು ತೋರಿಸಿದರು. ಹಾಗಾಗಿ ಆ ರಾತ್ರಿ ಅವರಿಬ್ಬರೂ ನಮ್ಮ ಮನೆಯಲ್ಲೇ ಉಳಿಯುವುದೆಂದಾಯಿತು.

ಹೊತ್ತು ಮುಳುಗುವ ಮುಂಚೆ, ಅಂಗಳದಲ್ಲಿ ಚಾಪೆ ಹಾಸಿ ಕೂಡಿಸಿದೆ. ಮುದುಕಿ ನನ್ನ ಕೈ ಹಿಡಿದುಕೊಂಡಳು. ಆಕೆಯ ಕೈ ಬೆಚ್ಚಗಿತ್ತು. ಸಭೆಯಲ್ಲಿ ಹೇಳಲು ಆಗದೆ ಉಳಿದದ್ದನ್ನು ಹೇಳಿದಳು. ಆಕೆಯ ಮಾತಿನಲ್ಲಿಯೇ ಬರೆಯುತ್ತೇನೆ, ನಾನು ಒಂದಕ್ಷರ ಸೇರಿಸಿಲ್ಲ.

"ಅದೊಂದು ಬಸ್ ಸ್ಟ್ಯಾಂಡ್ ಇದ್ದಂಗ ಇತ್ತವ್ವಾ. ಪರಲೋಕ ಅಂತ ಅನ್ನಂಗಿಲ್ಲ ನಾ, ಸುಳ್ಳು ಯಾಕ ಹೇಳಲಿ? ನಾ ಕಟ್ಟಿ ಮ್ಯಾಲ ಕುಂತಿದ್ದೆ. ಬಾಜೂಕ ಒಬ್ಬಾಕಿ ಹುಡುಗಿ ಕುಂತಿದ್ಲು, ಕೆಮ್ಮಾಕತ್ತಿದ್ಲು. ಯಾರೋ ಕರುಣಮ್ಮಾ, ಕರುಣಮ್ಮಾ ಅಂತ ಕೂಗಿದ್ರು. ಇಬ್ಬರೂ ಎದ್ವಿ. ಆ ಹುಡುಗಿ ನನ್ನ ಮಾರಿ ನೋಡಿ, 'ಯವ್ವಾ, ನಿನ್ನ ಕರ್ಯಾಕತ್ತಾರ, ನೀ ಹೋಗು. ನನ್ನ ಕರ್ಯೋರು ಚಿನ್ನಿ ಅಂತಾರ' ಅಂದ್ಲು. ಮತ್ತ ಕುಂತ್ಲು. ನಾ ಬಂದೆ."

ಆಕೆಯ ಸೊಸೆ, "ಹೌದ್ರೀ ಅಕ್ಕೋರೆ, ಎದ್ದು ಕುಂತಾಕೀನ ಮೊದ್ಲು ಅದನ್ನ ಕೇಳಿದ್ಲು. ಚಿನ್ನಿ ಬಂದ್ಲೇನು ಅಂತ. ಯಾ ಚಿನ್ನಿ ಬೇ ಅಂದ್ರ, ಕುಂತಾಳಲ್ಲ ಅಲ್ಲಿ ಅಂತಾಳ. ಜ್ವರದಾಗ ಬಡಬಡಸ್ತಾಳಂತ ನಾವು ಬಿಟ್ವಿ," ಅಂದಳು.

"ಈ ಚಿನ್ನಿ ಅಂದ್ರ ಯಾರು, ನಿನಗೇನರ ಗೊತ್ತದೇನವ್ವಾ?" ಎಂದು ಮುದುಕಿ ನನ್ನನ್ನು ಕೇಳಿದಳು.

"ಗೊತ್ತಿಲ್ಲಬೇ," ಅಂದೆ.

ನಿಮಗೆ ಏನು ಅನಿಸುತ್ತದೋ ನನಗೆ ತಿಳಿಯದು. ನಾನು ನನ್ನಿಂದಾದಷ್ಟು ವಿಚಾರ ಮಾಡಿ ನೋಡಿದ್ದೇನೆ. ಚಿನ್ನಿ ಪೋತ್ನಾಳದಲ್ಲಿದ್ದಾಗ ಮುದುಕಿಯ ಮನೆಗೆ ಹೋಗಿರಬಹುದೇ ಎಂದು ಅಳಿಯನನ್ನು ಕೇಳಿದೆ. ಕೆಮ್ಮು ಯಾರಿಗೂ ಕೇಳಬಾರದೆಂದು ಆಕೆ ಹೊರಗೇ ಬರುತ್ತಿರಲಿಲ್ಲ, ಅಂಥ ಒಬ್ಬ ಮುದುಕಿ ಇದ್ದಾಳೆಂಬುದೂ ಅವರಿಗೆ ಗೊತ್ತಿರಲಿಲ್ಲ, ಅಂದ. ಚಿನ್ನಿ ಎಂಬ ಹೆಸರು ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ತಾನೂ ಕರುಣಾ ಎಂದೇ ಕರೆಯುತ್ತಿದ್ದೆ, ಅಂದ. ದೇವದುರ್ಗಕ್ಕೆ ಬಂದ ದಿನ ಯಾರೋ ನಮ್ಮ ಮನೆಯ ಸುದ್ದಿ ಹೇಳಿ, ಮುದುಕಿ ತನ್ನ ಜ್ವರದ ಕನಸಿಗೆ ಅದನ್ನು ಹೆಣೆದುಕೊಂಡಿರಬಹುದು ಎಂದು ನೋಡಿದೆ. ಆದರೆ ಸೊಸೆಯ ಮಾತು ಅಡ್ಡ ಬರುತ್ತದೆ. ಸೊಸೆ ಸುಳ್ಳು ಹೇಳಿದಳೆನ್ನಲೇ? ಯಾತಕ್ಕಾಗಿ?

ನಮ್ಮ ಅಯ್ಯನವರನ್ನು ಒಮ್ಮೆ ಕೇಳಿದೆ, ನನ್ನದೆಂದು ಹೇಳದೆ, ಬೇರೆ ಯಾರದೋ ವಿಷಯವೆಂಬಂತೆ. ಪ್ರಾರ್ಥನೆಯಲ್ಲಿ ಹೆಸರು ತಪ್ಪಿದರೆ ಏನಾಗುತ್ತದೆ ಎಂದೆ. ದೇವರು ಹೃದಯ ನೋಡುತ್ತಾನಮ್ಮ, ಹೆಸರು ನೋಡುವುದಿಲ್ಲ, ಅಂದರು. ಒಳ್ಳೆಯ ಮಾತು. ಆದರೆ ನನ್ನ ಹೃದಯವನ್ನು ನೋಡಿದ್ದರೆ ಅವನಿಗೆ ಎರಡೂ ಕಂಡಿರುತ್ತವೆ. ಮಗಳು ಬದುಕಲಿ ಎಂಬುದೂ ಇತ್ತು, ಜನರಿಗೆ ಗೊತ್ತಾಗದಿರಲಿ ಎಂಬುದೂ ಇತ್ತು. ಎರಡರಲ್ಲಿ ಒಂದನ್ನು ಅವನು ನಡೆಸಿಕೊಟ್ಟ. ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾನು ಸಭೆ ಬಿಟ್ಟಿಲ್ಲ. ಶುಕ್ರವಾರದ ಉಪವಾಸ ಬಿಟ್ಟಿಲ್ಲ. ಚೀಟಿಗಳನ್ನು ಈಗಲೂ ನಾನೇ ಬರೆಯುತ್ತೇನೆ. ಮನೆಯ ಹೆಸರು ಏನು, ಯಾರ ಮಗಳು, ಏನು ರೋಗ ಎಂದು ಕೇಳಿ ಕೇಳಿ ಎಲ್ಲವನ್ನೂ ಬರೆಯುತ್ತೇನೆ. ಪೊಲೀಸರಂತೆ ಕೇಳ್ತೀರಲ್ರೀ ಎಂದು ರಾಹೇಲಮ್ಮ ಹಾಸ್ಯ ಮಾಡುತ್ತಾಳೆ. ನಂಬಿಕೆ ಇದೆಯೇ ಎಂದು ನೀವು ಕೇಳಿದರೆ, ಇದೆ. ಆದರೆ ಅದು ನನಗೆ ಈಗ ಸಮಾಧಾನ ಕೊಡುವ ವಸ್ತುವಲ್ಲ. ಮೊದಲು ಅವನು ಕೇಳುತ್ತಾನೋ ಇಲ್ಲವೋ ಎಂಬ ಅನುಮಾನವಾದರೂ ಇತ್ತು. ಈಗ, ಕೇಳುತ್ತಾನೆ ಎಂದು ಗೊತ್ತಾಗಿದೆ. ಹೇಗೆ ಕೇಳುತ್ತಾನೆಂಬುದು ಮಾತ್ರ ನನ್ನ ತಿಳಿವಳಿಕೆಗೆ ಬಂದಿಲ್ಲ. ಆ ಹುಡುಗಿ ಯಾರು, ಕೂತಲ್ಲಿಯೇ ಯಾಕೆ ಕೂತಳು, ಆಮೇಲೆ ಆಕೆಯನ್ನು ಯಾರಾದರೂ ಕರೆದರೋ ಇಲ್ಲವೋ ಎಂದು ಚೀಟಿ ಬರೆಯುವಾಗಲೆಲ್ಲ ಕೇಳಿಕೊಳ್ಳುತ್ತೇನೆ. ಮುದುಕಿ ಅದಾದ ಮೇಲೆ ಎರಡು ವರ್ಷ ಬದುಕಿದ್ದಳು, ರಾಹೇಲಮ್ಮ ಕೇಳಿಕೊಂಡಷ್ಟೇ.

ಆ ಭಾನುವಾರ ಕತ್ತಲಾದ ಮೇಲೆ ಒಲೆ ಹಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮಾಡಿದ್ದೆ. ಹಲ್ಲಿಲ್ಲವೆಂದು ಮುದುಕಿಗೆ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ಕಿವುಚಿ ಕೊಟ್ಟೆ. "ಭಾಳ ದಿನಾತವ್ವಾ ಇಂಥಾದ್ದು ತಿಂದು," ಎಂದು ಎರಡು ರೊಟ್ಟಿ ತಿಂದು ತಟ್ಟೆ ಒರೆಸಿದಳು. ಸೊಸೆ ಮೂರು ತಿಂದಳು. ನಮ್ಮ ಮನೆಯವರು ಅರ್ಧ ರೊಟ್ಟಿ ಮುರಿದು, ಕೈತೊಳೆದು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಚಟ್ನಿ ನೆಕ್ಕಿ ನೀರು ಕುಡಿದೆ. ಮುದುಕಿ ನನ್ನ ತಲೆಯ ಮೇಲೆ ಕೈಯಿಟ್ಟು, ಈ ಮನಿ ಮಕ್ಕಳನ್ನ ಕಾಯಪ್ಪಾ ಎಂದು ಪ್ರಾರ್ಥನೆ ಮಾಡಿದಳು. ನಾನು ಆಮೆನ್ ಅಂದೆ. ಹಾಸಿಗೆ ಕೊಡವಿ ಹಾಸುವಷ್ಟರಲ್ಲಿ ಬರೀ ಚಾಪೆಯ ಮೇಲೆಯೇ ಒರಗಿದ ಆಕೆಗೆ ನಿದ್ದೆ ಹತ್ತಿತು. ಆ ದಿನ ನಮ್ಮ ಮನೆಯಲ್ಲಿ ಮೊದಲು ಮಲಗಿದವಳು ಪೋತ್ನಾಳ ಕರುಣಮ್ಮ.